ಮುಂದಿನ ಸಾಲಿನ ಎರಡು ಕುರ್ಚಿ

ಶನಿವಾರ, ಮಧ್ಯಾಹ್ನ

ಪ್ರೀತಿಯ ಗಡಿಯಾರ,

ತಿಂಗಳುಗಟ್ಟಲೆ ಒಂದು ಸಾಲೂ ಬರೆಯದವಳು ಇಂದು ಹಾಳೆಗಟ್ಟಲೆ ಬರೆದಿದ್ದಾಳೆಂದರೆ ಏನೋ ಕೆಲಸವಿರಬೇಕು ಎಂದು ನೀನು ಕನ್ನಡಕ ಏರಿಸುತ್ತಿರುತ್ತೀಯೆ. ನಿನ್ನ ಊಹೆ ಸರಿ. ನಿನ್ನ ಅಪ್ಪಣೆ ಕೇಳದೆ ನಿನ್ನ ಕಥೆಯನ್ನು ತುಂಬಿದ ಸಭೆಯಲ್ಲಿ ಹೇಳಿಬಿಟ್ಟಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ನಿನಗೆ ಆ ಹೆಸರಿಟ್ಟವಳು ನಾನೇ ಅಲ್ಲವೇ? ಕಾಲೇಜಿನ ಗಂಟೆ ನಿನ್ನ ಕಿವಿಗೆ ಬೀಳುತ್ತಿರಲಿಲ್ಲ. ಹಾಗಾಗಿ ನಿನ್ನ ಕಣ್ಣು ಸದಾ ಗೋಡೆಯ ಗಡಿಯಾರದ ಮೇಲೆ. ನೀನು ಪೆನ್ನಿಗೆ ಮುಚ್ಚಳ ಹಾಕಿದೆಯೆಂದರೆ ಕಿವಿ ನೆಟ್ಟಗಿದ್ದ ನಾವೆಲ್ಲ ಪುಸ್ತಕ ಜೋಡಿಸಿಕೊಳ್ಳುತ್ತಿದ್ದೆವು. ಗಂಟೆ ಹೊಡೆಯುತ್ತಿದ್ದುದು ಆಮೇಲೆ. ಹಾಸ್ಟೆಲಿನ ಊಟದ ಪಟ್ಟಿಯನ್ನೂ ತಿದ್ದುತ್ತೇನೆಂಬ ಆರೋಪ ಹೊರಿಸಿ ನೀನು ನನಗೆ ಕೆಂಪು ಶಾಯಿ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡೆ. ಆರೋಪ ನಿಜವಾಗಿತ್ತು.

ಕಿಟಕಿಯ ಪಕ್ಕದ ಆ ಬೆಂಚು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಷ್ಟ್ರು ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳುವರು; ಅವರ ತುಟಿ ಕಾಣದೆ ನೀನು ಚಡಪಡಿಸುವೆ; ನಾನು ಹಾಳೆಯಡಿ ಕಾರ್ಬನ್ ಇಟ್ಟು ಒತ್ತಿ ಒತ್ತಿ ಬರೆಯುವೆ. ಮೇಲಿನ ಪ್ರತಿ ನನಗೆ, ಕೆಳಗಿನದು ನಿನಗೆ. ಮಸುಕಾಗಿದೆ ಎಂದು ನೀನು ಗೊಣಗಿದರೆ, ಮಸುಕಾದದ್ದನ್ನು ಓದಿದರೆ ಬುದ್ಧಿ ಚುರುಕಾಗುತ್ತದೆ ಎಂದು ಜಂಬ ಕೊಚ್ಚುತ್ತಿದ್ದೆ. ತೂತು ಬೀಳುವವರೆಗೂ ಒಂದು ಕಾರ್ಬನ್ನನ್ನು ನಾವು ಬಿಟ್ಟವರಲ್ಲ. ಊಟಕ್ಕೆ ಕುಳಿತಾಗಲೂ ನನ್ನ ಹೆಬ್ಬೆರಳು ನೀಲಿ. ಈಗಲೂ ಎಲ್ಲಾದರೂ ಆ ವಾಸನೆ ಸುಳಿದರೆ ನನ್ನ ಮಂಡಿನೋವು ಮರೆತುಹೋಗುತ್ತದೆ.

ಒಂದೇ ವಿಷಯಕ್ಕೆ ನಾವು ಜಗಳವಾಡುತ್ತಿದ್ದೆವು. ಕೇಳಿಸದಿದ್ದಾಗಲೆಲ್ಲ ನೀನು ನಕ್ಕು ತಲೆಯಾಡಿಸುತ್ತಿದ್ದೆ. ಅಡುಗೆಯವರು ಇನ್ನಷ್ಟು ಬಡಿಸಲೇ ಎಂದರೂ ತಲೆಯಾಟ, ಸಾಕೇ ಎಂದರೂ ತಲೆಯಾಟ. ಕೇಳಿಸಲಿಲ್ಲ ಎನ್ನಲು ನಿನಗೇನು ಧಾಡಿ ಎಂದು ನಾನು ರೇಗಿದರೆ, ಮೂರನೇ ಸಲ ಏನು ಅಂತ ಕೇಳಿದಾಗ ಎದುರಿನವರ ಮುಖ ಹೇಗಾಗುತ್ತೆ ಅಂತ ನೀನು ನೋಡಿಲ್ಲ ಕಣೇ ಎನ್ನುತ್ತಿದ್ದೆ.

ಆಮೇಲೆ ಆ ಮೌಖಿಕ ಪರೀಕ್ಷೆ. ಆ ಕೋಣೆಯೊಳಗೆ ನನಗೂ ನನ್ನ ಕಾರ್ಬನ್ನಿಗೂ ಪ್ರವೇಶವಿರಲಿಲ್ಲ. ಪರೀಕ್ಷಕರು ಗಲ್ಲಕ್ಕೆ ಕೈಯೊತ್ತಿ, ಬಾಯಿ ಮರೆಸಿಕೊಂಡು ಮಾತಾಡುವವರು. ನಿನಗೆ ಉತ್ತರ ಗೊತ್ತಿಲ್ಲ, ಅಲ್ಲವೇನಮ್ಮಾ ಎಂದು ಅವರು ಕೇಳಿದ್ದಕ್ಕೂ ನೀನು ನಕ್ಕು ತಲೆಯಾಡಿಸಿದೆ. ಇಡೀ ತರಗತಿಗೆ ಉತ್ತರ ಹೇಳಿಕೊಟ್ಟವಳು ನೀನು! ಉಪನ್ಯಾಸಕಿಯಾಗಬೇಕಾದವಳು ಮುದ್ರಣಾಲಯದಲ್ಲಿ ಕರಡು ತಿದ್ದಲು ಕುಳಿತೆ. ಯಂತ್ರಗಳ ಗದ್ದಲ ತಡೆಯದೆ ಉಳಿದವರು ಕೆಲಸ ಬಿಟ್ಟರು, ನನಗೆ ಮಾತ್ರ ನೆಮ್ಮದಿ ಎಂದು ನೀನು ತಮಾಷೆಯಾಗಿ ಬರೆದಿದ್ದೆ. ಆ ಕಾಗದ ಓದಿ ನನಗೆ ನಗು ಬರಲಿಲ್ಲವೆಂದು ಈಗ ಹೇಳುತ್ತಿದ್ದೇನೆ.

ಇನ್ನು ನನ್ನ ಮೊಮ್ಮಗಳ ವಿಷಯ. ಎಳವೆಯಲ್ಲೇ ಜ್ವರ ಬಂದು ಅವಳ ಕಿವಿ ಹೋದದ್ದು ನಿನಗೆ ಗೊತ್ತು. ವಿಶ್ವವಿದ್ಯಾಲಯದಲ್ಲಿ ಗೆದ್ದಲುಗಳ ಮೇಲೆ ಸಂಶೋಧನೆ ಮುಗಿಸಿದ್ದಾಳೆ. ಬಾಗಿಲ ಚೌಕಟ್ಟು ತಿನ್ನುವ ಹುಳಕ್ಕೆ ಡಾಕ್ಟರೇಟೇ ಎಂದು ನಾನು ಹಂಗಿಸಿದರೆ, ಅವು ತಲೆಯನ್ನು ಗೋಡೆಗೆ ಬಡಿದು ಆ ಕಂಪನದಿಂದಲೇ ಒಂದಕ್ಕೊಂದು ಎಚ್ಚರಿಕೆ ಕೊಡುತ್ತವೆ, ಕಿವಿಯ ಹಂಗಿಲ್ಲ ಅಜ್ಜಿ ಎನ್ನುತ್ತಾಳೆ. ಉಳಿದಿರುವುದು ಎಲ್ಲರೆದುರು ನಡೆಯುವ ಮೌಖಿಕ ಪರೀಕ್ಷೆ. ಪರೀಕ್ಷಕರು ಕೇಳಿದ್ದು ಕೂಡಲೇ ಪರದೆಯ ಮೇಲೆ ಅಕ್ಷರವಾಗಿ ಮೂಡಬೇಕು ಎಂದು ಅರ್ಜಿ ಹಾಕಿದಳು. ಮೌಖಿಕವೆಂದ ಮೇಲೆ ಓದುವುದೆಂಥದ್ದು ಎಂದು ವಿಭಾಗದ ಮುಖ್ಯಸ್ಥ ಅದನ್ನು ಮೇಜಿನ ಮೇಲೇ ಇಟ್ಟುಕೊಂಡ. ಪರದೆಯಿಲ್ಲದೆ ಒಳಗೆ ಹೋದರೆ ನಿನ್ನ ಗತಿಯೇ ಅವಳಿಗೂ. ಹೋಗದಿದ್ದರೆ ಅಷ್ಟು ವರ್ಷಗಳ ದುಡಿಮೆ ಅಲ್ಲಿಗೇ ನಿಂತಿತು.

ಆ ಮುಖ್ಯಸ್ಥ ನನ್ನ ಹಳೆಯ ವಿದ್ಯಾರ್ಥಿ. ಬಾಯೊಳಗೇ ಪಾಠ ಒಪ್ಪಿಸುತ್ತಿದ್ದ ಹುಡುಗ; ಬಾಯಿ ಬಿಟ್ಟು ಹೇಳೋ ಎಂದು ಎಷ್ಟು ಸಲ ಗದರಿದ್ದೇನೋ! ನಾನೊಂದು ಮಾತು ಹೇಳಿದರೆ ಸಾಕೆಂಬ ಗರ್ವದಿಂದ, ಮೊಮ್ಮಗಳಿಗೆ ತಿಳಿಸದೆ, ಇಸ್ತ್ರಿಯ ಸೀರೆಯುಟ್ಟು ಹೋದೆ. ಎದ್ದು ನಿಂತ, ಕುರ್ಚಿ ಎಳೆದುಕೊಟ್ಟ, ಬಹಳ ಹೊತ್ತು ಏನೇನೋ ಮಾತಾಡಿದ. ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, ಕಾಫಿ ಕುಡಿದು, ಗೆದ್ದೆನೆಂದುಕೊಂಡು ಬಂದೆ.

ಮರುದಿನ ಮೊಮ್ಮಗಳು ಚಪ್ಪಲಿ ಬಿಡದೆಯೇ ಒಳಗೆ ಬಂದಳು. ಅವಳು ಅರ್ಜಿ ಹಿಂತೆಗೆದುಕೊಳ್ಳಬೇಕು, ಪರೀಕ್ಷೆಯ ದಿನ ತಾನೇ ಪಕ್ಕದಲ್ಲಿ ಕುಳಿತು ಚೀಟಿಯಲ್ಲಿ ಬರೆದು ತೋರಿಸುತ್ತೇನೆ, ನಿಮ್ಮ ಅಜ್ಜಿ ಒಪ್ಪಿದ್ದಾರೆ ಎಂದನಂತೆ ಮುಖ್ಯಸ್ಥ. ಎಲ್ಲ ನನ್ನ ಮುಖ ನೋಡಿ! ಅದರಲ್ಲಿ ತಪ್ಪೇನು, ಕೆಲಸವಾದರಾಯಿತು ಎಂದು ನಾನೂ ಬಿಗುಮಾನ ತೋರಿಸಿದೆ. ಆಗ ಅವಳು, ನಿಮ್ಮ ಶಿಷ್ಯರು ಅಂತ ಇವರು ಒಪ್ಪಿದರು. ನಾಳೆ ಅಜ್ಜಿಯೇ ಇಲ್ಲದ ಹುಡುಗಿ ಬಂದರೆ ಅವಳು ಯಾರ ಶಿಷ್ಯರನ್ನು ಹುಡುಕಿಕೊಂಡು ಹೋಗಬೇಕು ಎಂದಳು.

ಆ ಮುಚ್ಚಿದ ಬಾಗಿಲು ನೆನಪಾಯಿತು. ಹೊರಗೆ ಕಾರ್ಬನ್ ಹಿಡಿದು ನಿಂತ ನಾನು, ಒಳಗೆ ಒಬ್ಬಳೇ ನೀನು.

ಅರ್ಜಿಯನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಅಂಗವಿಕಲ ವಿದ್ಯಾರ್ಥಿಗಳ ಸಮಿತಿಯ ಮುಂದೆ ಒಯ್ದಳು. ಅಜ್ಜಿ, ನೀವು ಬರಬೇಕು, ಆದರೆ ಮೇಡಂ ಆಗಿ ಅಲ್ಲ ಎಂದು ಷರತ್ತು ಹಾಕಿದಳು. ಅಲ್ಲಿ ಮುಖ್ಯಸ್ಥ ವಿನಯದಿಂದಲೇ, ಮೇಡಂ, ನೀವೇ ತಲೆಯಾಡಿಸಿದಿರಲ್ಲ ಎಂದ. ತಲೆಯಾಡಿಸಿದ್ದು ನಿಜ, ಆದರೆ ತಲೆಯಾಟ ಉತ್ತರವಲ್ಲ ಎಂದೆ. ಆಮೇಲೆ ನಿನ್ನ ಕಥೆ ಹೇಳಿದೆ: ಗಡಿಯಾರ, ಕಾರ್ಬನ್, ಆ ಪರೀಕ್ಷಕರ ಕೈ, ಎಲ್ಲ. ಅಧ್ಯಕ್ಷೆ ಮುಖ್ಯಸ್ಥನ ಕಡೆ ತಿರುಗಿ, ನಿಮ್ಮ ಮೇಡಂ ಇಲ್ಲದಿದ್ದರೆ ಈ ಹುಡುಗಿಗೆ ಚೀಟಿಯನ್ನಾದರೂ ಬರೆದುಕೊಡುತ್ತಿದ್ದಿರಾ ಎಂದು ಕೇಳಿದರು. ಅವನು, ಇಲ್ಲ ಎಂದ. ಬಾಯಿ ಬಿಟ್ಟು ಹೇಳಿದ. ಆ ಒಂದು ಮಾತಿಗಾಗಿ ಅವನನ್ನು ನನ್ನ ಶಿಷ್ಯನೆಂದು ಉಳಿಸಿಕೊಂಡಿದ್ದೇನೆ.

ನಿನ್ನೆ ಆದೇಶ ಬಂತು. ಅದರಲ್ಲಿ ಮೊಮ್ಮಗಳ ಹೆಸರೇ ಇಲ್ಲ. ಕೋರಿದ ಯಾವ ವಿದ್ಯಾರ್ಥಿಗಾದರೂ ಪರದೆಯ ಮೇಲೆ ಅಕ್ಷರ ಒದಗಿಸತಕ್ಕದ್ದು ಎಂದಿದೆ. ಹೆಸರಿಲ್ಲವೆಂದು ನಾನು ಮುಖ ಸಣ್ಣ ಮಾಡಿದರೆ, ಅದೇ ಅಲ್ಲವೇ ಅಜ್ಜಿ ನಾನು ಕೇಳಿದ್ದು ಎಂದು ಕುಣಿದಳು. ಆದೇಶದಲ್ಲಿ ಕಾಗುಣಿತದ ತಪ್ಪುಗಳಿವೆ. ಮೊದಲ ಬಾರಿಗೆ ತಿದ್ದದೆ ಬಿಟ್ಟಿದ್ದೇನೆ.

ಮುಂದಿನ ಗುರುವಾರ ಬೆಳಿಗ್ಗೆ ಅವಳ ಪರೀಕ್ಷೆ. ನೀನು ಬರಲೇಬೇಕೆಂದು ಹಟ ಹಿಡಿದಿದ್ದಾಳೆ. ನೀನು ಉತ್ತರಿಸಲಾಗದೆ ಎದ್ದು ಬಂದೆಯಲ್ಲ, ಅಂಥದೇ ಕೋಣೆಯಲ್ಲಿ ಪ್ರಶ್ನೆಗಳು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಮೂಡುವುದನ್ನು ನೀನು ನೋಡಬೇಕಂತೆ. ಪರದೆ ಚೆನ್ನಾಗಿ ಕಾಣುವ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹೇಳಿಟ್ಟಿದ್ದಾಳೆ. ಒಂದು ನಿನಗೆ, ಪಕ್ಕದ್ದು ಜೊತೆಗಿರಲೆಂದು ನನಗೆ. ಹಿಂದಿನ ದಿನವೇ ಬಂದುಬಿಡು, ಮಾತಾಡುವುದು ಬೆಟ್ಟದಷ್ಟಿದೆ.

ಎಂದೆಂದಿಗೂ ನಿನ್ನ ಬೆಂಚಿನವಳು,
ಕೆಂಪು ಶಾಯಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಭೆಯಲ್ಲಿ ನಾನು ಹೇಳಿದ್ದು ಎರಡು ಕಥೆ, ಎರಡನೆಯದು ನನ್ನದು. ಮುಖ್ಯಸ್ಥನ ಕೋಣೆಯಲ್ಲಿ ಅವನು ಹೇಳಿದ ಒಂದು ಮಾತೂ ನನಗೆ ಕೇಳಿಸಿರಲಿಲ್ಲ. ತಪ್ಪು ಫ್ಯಾನಿನದಲ್ಲ. ನಿವೃತ್ತಿಗೆ ಮುಂಚೆಯೇ ಶಾಲೆಯ ಗಂಟೆ ನನ್ನ ಪಾಲಿಗೆ ದೂರವಾಗುತ್ತ ಬಂದಿತ್ತು. ಏನು ಎಂದು ಕೇಳಲು ಅಭಿಮಾನ ಬಿಡದೆ ಅಂದಿನಿಂದಲೂ ತಲೆಯಾಡಿಸುತ್ತಲೇ ಬಂದಿದ್ದೇನೆ. ಸಮಿತಿಯ ಸಭೆಯಲ್ಲಿ ಎಲ್ಲರ ಮಾತೂ ಪರದೆಯ ಮೇಲೆ ಬೀಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಸಭೆಯಲ್ಲಿ ಒಂದು ಮಾತೂ ತಪ್ಪದಂತೆ ನನಗೆ ತಿಳಿಯಿತು. ಆದ್ದರಿಂದ ನಿನ್ನ ಪಕ್ಕದ ಕುರ್ಚಿ ಜೊತೆಗಲ್ಲ, ನನಗೂ ಆ ಪರದೆ ಬೇಕು. ಕಾರ್ಬನ್ ತರಬೇಡ, ಈ ಸಲ ನಾವಿಬ್ಬರೂ ಮೇಲಿನ ಪ್ರತಿಯನ್ನೇ ಓದೋಣ.