ಅಪ್ಪ ಯಾಕೆ ಜಗಳ ನಿಲ್ಲಿಸಿದರು?

ಮೂರನೇ ಮಹಡಿ, ಅಡುಗೆಮನೆಯ ಮೇಜು
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಆರೋಗ್ಯ. ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಮೆಟ್ಟಿಲು ಕಟ್ಟಿದವನನ್ನು ಈಗಲೂ ಬೈಯುತ್ತೀಯಾ? ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಕನ್ನಡಕದಂಗಡಿಯಲ್ಲಿ ಊರವರ ಕಣ್ಣನ್ನೆಲ್ಲ ನೋಡಿ ನಿನ್ನ ಕಣ್ಣೊಂದನ್ನು ಮರೆತಿದ್ದೀಯೋ? ನಾನು ಚೆನ್ನಾಗಿದ್ದೇನೆ. ತೂಕ ಹೆಚ್ಚಿದೆ, ಬುದ್ಧಿ ಇದ್ದಲ್ಲೇ ಇದೆ. ಅಪ್ಪನ ಆರೋಗ್ಯ ಮಾತ್ರ ಒಂದು ಸಾಲಿನಲ್ಲಿ ಬರೆದು ಮುಗಿಸುವಂಥದ್ದಲ್ಲ. ಜ್ವರವಿಲ್ಲ, ಕೆಮ್ಮಿಲ್ಲ. ಆದರೆ ಅವರು ಜಗಳ ಆಡುವುದನ್ನು ಬಿಟ್ಟಿದ್ದಾರೆ. ಅದಕ್ಕೇ ಈ ಪತ್ರ.

ಫೋನಿನಲ್ಲಿ ಹೇಳಬಾರದಿತ್ತಾ ಅಂತೀಯ. ಹೇಗೆ ಹೇಳಲಿ? ನಿನ್ನನ್ನು ಇಲ್ಲಿಗೆ ಕರೆಸುವ ಅರ್ಜಿಗಳನ್ನು ತುಂಬಿಕೊಡುವ ಫೈಲುಮಾಮ, ಅಪ್ಪನ ಸಂದರ್ಶನ ಆದಮೇಲೆ ನಿನ್ನದು ಮುಗಿಯುವವರೆಗೆ ಫೋನಿನಲ್ಲಿ ಒಂದು ಮಾತೂ ಕೂಡದು, ಉತ್ತರ ಹೇಳಿಕೊಟ್ಟಿದ್ದಾರೆ ಅಂತ ಅಧಿಕಾರಿಗಳಿಗೆ ಅನುಮಾನ ಬರುತ್ತದೆ ಎಂದು ಎರಡೂ ಕಡೆ ಕಟ್ಟಪ್ಪಣೆ ಮಾಡಿದ್ದು, ನೀನು ಮಹಾ ವಿಧೇಯಳಾಗಿ ಫೋನನ್ನು ಆಫ್ ಮಾಡಿ ಬೀರುವಿನಲ್ಲಿಟ್ಟಿದ್ದು ಎಲ್ಲಾ ಗೊತ್ತೇ ಇದೆ. ಆದರೆ ಪತ್ರದ ಬಗ್ಗೆ ಮಾಮ ಚಕಾರ ಎತ್ತಿಲ್ಲ. ಈ ಕಾಲದಲ್ಲೂ ಪತ್ರ ಬರೆಯುವವರಿದ್ದಾರೆ ಎಂಬ ಅನುಮಾನ ಅವರಿಗೇ ಬಂದಿಲ್ಲವೆಂದರೆ ಜಗತ್ತಿನಲ್ಲಿ ಇನ್ಯಾರಿಗೂ ಬರುವುದಿಲ್ಲ. ಎದುರುಮನೆಯ ನರ್ಸಕ್ಕ ಇವತ್ತು ಸಂಜೆ ರಜೆಗೆಂದು ನಿಮ್ಮ ಕಡೆ ಹೊರಟಿದ್ದಾರೆ. ನಾಳೆ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ. ನಾಡಿದ್ದು ಗುರುವಾರ ನೀನು ಅಧಿಕಾರಿಯ ಮುಂದೆ ಕೂರುವ ಮೊದಲು ಇದನ್ನು ಓದು.

ಫೈಲುಮಾಮನನ್ನು ನೀನು ನೋಡಿಲ್ಲ. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಕೂರುತ್ತಾರೆ. ಕೆಳಗಿನಿಂದ ಇಸ್ತ್ರಿಯ ಹಬೆ ಏರಿ ಬಂದು ಅಲ್ಲಿನ ಕಾಗದಗಳೆಲ್ಲ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿವೆ. ಆ ಮನುಷ್ಯನಿಗೆ ಸ್ಟೇಪ್ಲರ್ ಪಿನ್ನಿನ ಮೇಲೂ ನಂಬಿಕೆಯಿಲ್ಲ. ಹೊಡೆದಮೇಲೆ ತಿರುಗಿಸಿ ನೋಡುತ್ತಾರೆ. ಹೋದಾಗಲೆಲ್ಲ ಅದೇ ಪರದೆಯ ಕಥೆ. ಯಾರೋ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ನಿಮ್ಮ ಮಲಗುವ ಕೋಣೆಯ ಪರದೆ ಯಾವ ಬಣ್ಣ ಅಂತ ಕೇಳಿದರಂತೆ. ಅವಳು ಹಸಿರು ಅಂದಳು, ಅವನು ನೀಲಿ ಅಂದ. ಫೈಲು ಮೂಲೆಗೆ. "ಪರದೆ ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಇತ್ತಮ್ಮಾ! ಆದರೆ ತಿರುಗಿಸಿ ನೋಡೋಕೆ ಯಾರಿಗೆ ಪುರುಸೊತ್ತು?" ಅನ್ನುತ್ತಾರೆ ಪಿಸುಮಾತಿನಲ್ಲಿ. ಕೋಣೆಯಲ್ಲಿ ನಾವು ಮೂವರೇ ಇದ್ದರೂ ಪಿಸುಮಾತೇ. ಒಂದು ಸಲ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು ಮೂರು ವರ್ಷ ಕಾಯಬೇಕಂತೆ. ಅಪ್ಪ ಹೋದ ವರ್ಷ ಇಲ್ಲಿನ ಪೌರರಾದರಲ್ಲ, ಅದರಿಂದ ನಿನ್ನನ್ನು ಕರೆಸಿಕೊಳ್ಳುವ ಹಕ್ಕೇನೋ ಬಂತು. ಆದರೆ ಹಕ್ಕಿನ ಜೊತೆಗೆ ಅನುಮಾನವೂ ಬಂತು. ಇಷ್ಟು ವರ್ಷ ದೂರ ದೂರ ಇದ್ದವರು ನಿಜವಾಗಲೂ ಗಂಡ ಹೆಂಡತಿಯೇ ಎಂದು ಕಚೇರಿಯವರು ಕೇಳುತ್ತಾರೆ. ನಿಮ್ಮಿಬ್ಬರ ಜಗಳವನ್ನು ಒಂದೇ ಒಂದು ಸಲ ಕೇಳಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗ ಸದರಿ ಗಂಡನ ವಿಚಾರಕ್ಕೆ ಬರುತ್ತೇನೆ. ಸಂದರ್ಶನದ ದಿನ ಗೊತ್ತಾದಾಗಿನಿಂದ ಅಪ್ಪನ ನಡವಳಿಕೆ ಅನುಮಾನಾಸ್ಪದ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಏನೋ ಗೊಣಗುತ್ತಾರೆ. ಬಾಗಿಲಿಗೆ ಕಿವಿ ಕೊಟ್ಟರೆ ನಲ್ಲಿಯದೇ ಸದ್ದು. ಪರೀಕ್ಷೆ ಮಾಡೋಣ ಅಂತ ನಾನು ಒಂದು ದಿನ ಅವರ ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಶುದ್ಧ ವೈಜ್ಞಾನಿಕ ಉದ್ದೇಶ, ನಂಬು. ಪೂರ್ತಿ ಕುಡಿದು ಲೋಟ ಕೆಳಗಿಟ್ಟು "ಚೆನ್ನಾಗಿದೆ ಕಣೇ, ಥೇಟ್ ನಿಮ್ಮಮ್ಮ ಮಾಡಿದ ಹಾಗೇ ಇದೆ" ಅಂದರು. ಇದು ಹೊಗಳಿಕೆಯೋ ಚಾಡಿಯೋ ನೀನೇ ತೀರ್ಮಾನಿಸು. ಅದಾದ ಮೇಲೆ ನಾನು ನಮ್ಮ ಮನೆಯ ಬ್ರಹ್ಮಾಸ್ತ್ರವನ್ನೇ ಹೊರತೆಗೆದೆ. "ಅಪ್ಪಾ, ನೀವು ಅಮ್ಮನ್ನ ಮೊದಲು ನೋಡಿದ್ದು ಬಸ್ ಸ್ಟ್ಯಾಂಡಲ್ಲಾ, ಲಿಫ್ಟಲ್ಲಾ?" ಅಂದೆ.

ಈ ಪ್ರಶ್ನೆಗೆ ಅವರು ಎದ್ದು ನಿಲ್ಲದೆ ಉತ್ತರ ಕೊಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಪತ್ರ ಅಧಿಕಾರಿಗಳ ಕೈಗೆ ಸಿಕ್ಕರೆ ಅವರಿಗೂ ತಿಳಿಯಲಿ ಅಂತ ಎರಡೂ ಕಡೆಯ ವಾದ ಬರೆದಿಡುತ್ತೇನೆ. ನಿನ್ನ ವಾದ: ಕನ್ನಡಕದಂಗಡಿಯ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದ ಹೊಸ ಮೆಕ್ಯಾನಿಕ್ ತಾನೇ ಅದರೊಳಗೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ, ಬಾಗಿಲ ಸಂದಿನಲ್ಲಿ ಮೂಗಿನಿಂದ ಮೇಲಕ್ಕೆ ಮಾತ್ರ ಕಾಣುತ್ತಿದ್ದ, ನೀನು ಸಂದಿನಿಂದ ಬಾಳೆಹಣ್ಣು ಕೊಟ್ಟೆ, ತಿಂದು "ಇನ್ನೊಂದು ಇದೆಯಾ?" ಅಂದ. ಅಪ್ಪನ ವಾದ: ಅವನು ಯಾವನೋ ಬೇರೆ ಮೆಕ್ಯಾನಿಕ್, ತಾನು ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ, ನಿನ್ನ ಕೈಯಲ್ಲಿ ಹಳದಿ ಛತ್ರಿ ಇತ್ತು. ಕೂಡಲೇ ನೀನು "ನಾನು ಜನ್ಮದಲ್ಲಿ ಹಳದಿ ಛತ್ರಿ ಹಿಡಿದವಳಲ್ಲ. ಆ ಛತ್ರಿಯವಳು ಯಾರು, ಅದನ್ನು ಹೇಳಿ ಮೊದಲು" ಅಂತ ಶುರು ಮಾಡುತ್ತಿದ್ದೆ. ಎಷ್ಟಾದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ. ಲಿಫ್ಟ್ ರಿಪೇರಿಯೇ ಕಸುಬಾದವನು ಲಿಫ್ಟಿನಲ್ಲಿ ಸಿಕ್ಕಿಕೊಂಡೆ ಅಂತ ಒಪ್ಪಿಕೊಂಡರೆ ಮೀಸೆ ಮಣ್ಣಾಗುವುದಿಲ್ಲವೇ? ಆದರೂ ದಿನಾ ಕೆಲಸಕ್ಕೆ ಹೋಗುವಾಗ ಸ್ಪ್ಯಾನರಿನ ಚೀಲದಲ್ಲಿ ಒಂದು ಬಾಳೆಹಣ್ಣು ಯಾಕೆ ಇಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆ ನನ್ನನ್ನು ಚಿಕ್ಕಂದಿನಿಂದ ಕಾಡಿದೆ.

ಇಂಥ ಪ್ರಶ್ನೆಗೆ ಈ ಸಲ ಅಪ್ಪ ಏನು ಮಾಡಿದರು ಗೊತ್ತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಮೀಸೆ ಮುಟ್ಟಿಕೊಂಡು, ಈರುಳ್ಳಿ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಈರುಳ್ಳಿ ಅವರ ಕೈಯಲ್ಲೇ ಇತ್ತು.

ಶುಕ್ರವಾರ ನಾನೂ ಜೊತೆಗೆ ಹೋದೆ. ಉದ್ದನೆಯ ಹಾಲು, ಬೋಲ್ಟು ಹಾಕಿ ನೆಲಕ್ಕೆ ಬಿಗಿದ ಕುರ್ಚಿಗಳು. ನಾವು ಕದ್ದುಕೊಂಡು ಹೋದೇವು ಅಂತ ಅವರಿಗೆ ಅನುಮಾನವಿರಬೇಕು. ಅಪ್ಪನ ನಂಬರು ಬಂದು ಒಳಗೆ ಹೋದರು. ನನ್ನನ್ನು ಗಾಜಿನ ಬಾಗಿಲ ಈಚೆ ನಿಲ್ಲಿಸಿದರು. ಮಾತು ಕೇಳಿಸುವುದಿಲ್ಲ, ಎಲ್ಲ ಕಾಣಿಸುತ್ತದೆ. ತಲೆ ಎತ್ತದೆ ಕಣ್ಣು ಮಾತ್ರ ಎತ್ತುವ ಒಬ್ಬ ಅಧಿಕಾರಿ, ನಮ್ಮ ಮಾತನ್ನು ಅವರ ಭಾಷೆಯಲ್ಲಿ ಹೇಳುವ ದುಭಾಷಿ ಆಂಟಿ, ನಡುವೆ ಅಪ್ಪ, ಹಬ್ಬಕ್ಕೆ ಮಾತ್ರ ಹಾಕುವ ನೀಲಿ ಶರ್ಟಿನಲ್ಲಿ. ಮೊದಮೊದಲು ಸರಿಯಾಗಿತ್ತು. ಆಮೇಲೆ ಅಧಿಕಾರಿ ಏನೋ ಕೇಳಿದ. ಅಪ್ಪ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಏನನ್ನೋ ತಳ್ಳುವ ಹಾಗೆ ಮಾಡಿದರು. ಆಮೇಲೆ ಮೂಗು ಮೇಲೆತ್ತಿ ಬಾಯಿ ತೆರೆದರು. ಕೈ ಮೇಲೆತ್ತಿ ಶರಣಾದರು, ಈಗ ಕ್ಷಮೆ ಬೇಡುತ್ತಿದ್ದಾರೆ ಅಂದುಕೊಂಡೆ ನಾನು. ಅಧಿಕಾರಿ ಕನ್ನಡಕ ತೆಗೆದ. ದುಭಾಷಿ ಆಂಟಿ ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಅಮ್ಮಾ, ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಎರಡೂ ಅಪಶಕುನ.

ಹೊರಗೆ ಬಂದಾಗ ಅಪ್ಪನ ಕಿವಿ ಟೊಮೇಟೊ. ಏನು ಕೇಳಿದರು ಅಂದೆ. "ಕೇಳಬೇಕಾದ್ದನ್ನೇ ಕೇಳಿದರು." ನೀವೇನು ಹೇಳಿದಿರಿ ಅಂದೆ. "ಹೇಳಬೇಕಾದ್ದನ್ನೇ ಹೇಳಿದೆ, ನಡಿ." ಅವತ್ತಿನಿಂದ ಇದೇ ಪಾಠ. ಬೈದಿಲ್ಲ, ರೇಗಿಲ್ಲ, ಹಾಲು ಕುಡಿದ ಬೆಕ್ಕಿನ ಹಾಗೆ ಇದ್ದಾರೆ. ನಿನ್ನೆ ನಿನಗೆಂದು ಖಾಲಿ ಮಾಡಿದ ಕಪಾಟಿನಲ್ಲಿ ಮತ್ತೆ ತಮ್ಮ ಹಳೇ ಬಟ್ಟೆ ಜೋಡಿಸುತ್ತಿದ್ದರು. ಯಾಕೆ ಅಂದರೆ "ಸುಮ್ಮನೆ ಕಣೇ, ಖಾಲಿ ಇದ್ದರೆ ನೋಡೋಕೆ ಆಗಲ್ಲ" ಅಂದರು. ಏನೋ ತಪ್ಪು ಹೇಳಿ ಬಂದಿದ್ದಾರೆ, ನನ್ನಿಂದ ಮುಚ್ಚಿಡುತ್ತಿದ್ದಾರೆ. ಇದು ನನ್ನ ಖಚಿತವಾದ ಅನುಮಾನ.

ನಾನೂ ಒಂದು ಮುಚ್ಚಿಟ್ಟಿದ್ದೇನೆ ಅನ್ನು. ಫೋನನ್ನು ಬೀರುವಿಗೆ ಕಳಿಸುವ ಮೊದಲು ನೀನು ಆಣೆ ಹಾಕಿಸಿಕೊಂಡು ಹೇಳಿದ್ದೆಯಲ್ಲ, "ಅಧಿಕಾರಿ ಕೇಳಿದರೆ ನಾನು ಬಸ್ ಸ್ಟ್ಯಾಂಡ್ ಅಂತಲೇ ಹೇಳ್ತೀನಿ. ಹಳದಿ ಛತ್ರಿನೂ ಹಿಡ್ಕೊಂಡಿದ್ದೆ ಅಂತೀನಿ. ಹೋಗ್ಲಿ, ಒಂದು ಸಲ ಅವರೇ ಗೆಲ್ಲಲಿ. ನಿಮ್ಮಪ್ಪನಿಗೆ ಮಾತ್ರ ಹೇಳಬೇಡ, ಆಮೇಲೆ ಹಿಡಿಯೋಕಾಗಲ್ಲ ಅವರನ್ನ" ಅಂತ. ಹೇಳಿಲ್ಲ. ನಿನ್ನಾಣೆ, ಈ ಸಾಲು ಬರೆಯುವ ಕ್ಷಣದವರೆಗೂ ಹೇಳಿಲ್ಲ.

ಗುರುವಾರ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ಅಧಿಕಾರಿ ಕಣ್ಣು ಕಿರಿದು ಮಾಡಿದರೆ ಹೆದರಬೇಡ, ಕನ್ನಡಕದ ನಂಬರು ಬದಲಾಗಿರಬೇಕು ಅಂತ ಅಂದುಕೋ. ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ. ಅವರು ಆಶೀರ್ವಾದ ಮಾಡುವಾಗ ತಲೆಗೆ ಕುಟ್ಟುವುದನ್ನು ನನ್ನ ಪರವಾಗಿ ನೀನೇ ಸ್ವೀಕರಿಸು.

ಸದರಿ ಅಪ್ಪನ ಮೇಲೆ ಸದಾ ನಿಗಾ ಇಟ್ಟಿರುವ,
ನಿನ್ನ ತಲೆಹರಟೆ

ತಾಳು, ತಾಳು! ನರ್ಸಕ್ಕ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಕೆಳಗೆ ಟ್ಯಾಕ್ಸಿಯವನು ಹಾರನ್ ಹೊಡೆಯುತ್ತಿದ್ದಾನೆ. ಲಕೋಟೆ ಅಂಟಿಸುವಾಗ ಅಪ್ಪ ಬಂದರು. ಬಾಯಿ ತಡೆಯಲಾರದೆ ಆಣೆ ಮುರಿದೆ: "ನೀವು ಏನೇ ಮುಚ್ಚಿಡಿ, ಅಮ್ಮ ನಿಮ್ಮ ಮಾತೇ ಮಾತು ಅಂತ ಬಸ್ ಸ್ಟ್ಯಾಂಡ್ ಹೇಳ್ತಾಳಂತೆ" ಅಂದುಬಿಟ್ಟೆ. ಅಪ್ಪ ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಯ್ಯೋ, ಹಾಳಾಯ್ತಲ್ಲೇ! ಅವಳು ಬಿಡೋಳಲ್ಲ, ಲಿಫ್ಟೇ ಅಂತಾಳೆ ಅಂತ ನಾನು ಲಿಫ್ಟ್ ಅಂದುಬಿಟ್ಟೆನಲ್ಲೇ!" ಬಚ್ಚಲಲ್ಲಿ ಗೊಣಗಿ ಅಭ್ಯಾಸ ಮಾಡಿದ್ದು ಅದನ್ನೇ. ಕೈ ಎತ್ತಿ ತಳ್ಳಿದ್ದು ಲಿಫ್ಟಿನ ಬಾಗಿಲನ್ನು. ಬಾಯಿ ತೆರೆದದ್ದು ಬಾಳೆಹಣ್ಣಿಗೆ. ಕಪಾಟು ತುಂಬಿಸಿದ್ದು ಆಮೇಲೆ ನಿನ್ನ ಮೇಲೆ ಅನುಮಾನ ಬಂದು. ಎಲ್ಲಿ ತನಗಾಗಿ ಸೋತು ಬಸ್ ಸ್ಟ್ಯಾಂಡ್ ಅಂದುಬಿಡುತ್ತಾಳೋ, ಅರ್ಜಿ ತಿರಸ್ಕಾರವಾಗುತ್ತದೋ ಅಂತ. ಅದಕ್ಕೇ ಅಮ್ಮಾ, ಯಾರ ಮಾತೂ ಕೇಳಬೇಡ, ಯಾರಿಗಾಗಿಯೂ ಸೋಲಬೇಡ. ಇಷ್ಟು ವರ್ಷ ಹೇಳಿಕೊಂಡು ಬಂದ ನಿನ್ನ ನಿಜವನ್ನೇ ಹೇಳು. ಲಿಫ್ಟು. ಎರಡು ಮಹಡಿಗಳ ನಡುವೆ. "ಎರಡನೇ ಹಣ್ಣು ಕೇಳಿದ್ದನ್ನೂ ಒಪ್ಪಿಕೊಂಡಿದ್ದೀನಿ ಅಂತ ಬರಿ" ಅಂತ ಅಪ್ಪ ಬೆನ್ನ ಹಿಂದೆ ನಿಂತು ಹೇಳುತ್ತಿದ್ದಾರೆ. ಹಾಗಾದರೆ ಆ ಹಳದಿ ಛತ್ರಿಯವಳು ಯಾರು ಅಂದೆ. "ಅದನ್ನ ಅವಳು ಇಲ್ಲಿಗೆ ಬಂದಮೇಲೆ ಅವಳಿಗೇ ಹೇಳ್ತೀನಿ" ಅಂದು ಮೀಸೆ ಮುಟ್ಟಿಕೊಂಡರು. ಬೇಗ ಬಾ ಅಮ್ಮಾ. ನನಗೆ ಅನುಮಾನವಿದೆ.