ಅಪ್ಪನ ಓದು

ಜೂನ್ 4, ಸಂಜೆ

ಪ್ರೆಸ್ಸಿನಿಂದ ಬಂದೆ. ಮೂವತ್ತೆರಡು ಪುಟ ಕರಡು ತಿದ್ದಿ ಕಣ್ಣುರಿ. ಇವರು ಹೊಲಿಗೆ ಮುಗಿಸಿ, ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಕಥೆ ಓದುತ್ತಿದ್ದರು. ದಿನಾ ಇದೇ. ಮಗಳು ಬಿದ್ದು ಬಿದ್ದು ನಗುತ್ತಾಳೆ. ಆರು ತುಂಬಿತು, ಇನ್ನೂ ‘ಮರ’ ತೋರಿಸಿದರೆ ‘ವರ’ ಎನ್ನುತ್ತಾಳೆ.

ಜೂನ್ 9

ಹಿಂದಿನಿಂದ ಇಣುಕಿದೆ. ಪುಟದಲ್ಲಿದ್ದದ್ದು ನರಿ ಬಾವಿಗೆ ಬಿದ್ದ ಕಥೆ. ಇವರು ಓದುತ್ತಿದ್ದದ್ದು ನರಿ ಕೋಟು ಹೊಲಿಸಲು ಬಂದ ಕಥೆ! ಒಂದಕ್ಷರವೂ ಪುಸ್ತಕದ್ದಲ್ಲ.

“ಈ ಸಾಲು ಓದಿ ನೋಡೋಣ.”

ಬೆರಳಿಟ್ಟರು. ಬೆವರಿದರು. “ಆಗಲ್ಲ ಕಣೇ... ಸಾಲಿನ ಕೊನೆಗೆ ಬರೋಷ್ಟರಲ್ಲಿ ಮೊದಲಿಂದು ಮರೆತಿರುತ್ತೆ. ಚಿಕ್ಕಂದಿನಿಂದ ಹೀಗೇ.”

ಮದುವೆಯಾಗಿ ಎಂಟು ವರ್ಷ. ಗಿರಾಕಿಗಳ ಅಳತೆ ನನ್ನ ಕೈಲೇ ಬರೆಸುತ್ತಿದ್ದರು, ಕೈ ಬಿಡುವಿಲ್ಲ ಅಂತ.

ಪುಟ್ಟಿಯ ಎದುರೇ ಅಂದೆ: “ನಿಮ್ಮಪ್ಪ ಅಕ್ಷರಶತ್ರು. ಅದಕ್ಕೇ ನೀನೂ ಹೀಗೆ.”

ಹಾಗೆ ಅಂದಾಗ ಹಿತವಾಯಿತು. ಈ ಡೈರಿಯಲ್ಲಾದರೂ ಸುಳ್ಳು ಬರೆಯುವುದು ಬೇಡ.

ಜೂನ್ 10

ಕಥೆ ಪುಸ್ತಕಗಳೆಲ್ಲ ಬೀರುವಿನ ಮೇಲೆ. ಇನ್ನು ನಾನೇ ಕಲಿಸುತ್ತೇನೆ.

ಜುಲೈ 22

ಅಪ್ಪ, ಮಗಳು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಡಿಕ್ಟೇಷನ್ ಕೊಟ್ಟೆ. ಹತ್ತು ಪದ. ಪುಟ್ಟಿಗೆ ಐದು, ಇವರಿಗೆ ಮೂರು. “ಮಗಳ ಮುಂದೆ ನಾಚಿಕೆ ಆಗಬೇಕು.” ಎಂದೆ ಇವರಿಗೆ.

ಆಗಸ್ಟ್ 6

ಪುಟ್ಟಿಗೆ ಇವತ್ತು ಎರಡೇ. ಹಿಂದಕ್ಕೆ ಹೋಗುತ್ತಿದ್ದಾಳೆ! ಸ್ಕೇಲಿನಿಂದ ಎರಡು ಬಾರಿಸಿದೆ. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮರ, ಬಳೆ, ದಾರ... ಸರಿಯಾಗಿ ಬರೆದು, ರಬ್ಬರಿನಲ್ಲಿ ಉಜ್ಜಿ, ಮೇಲೆ ತಪ್ಪು ಬರೆದಿದ್ದಾಳೆ.

“ಯಾಕೇ?”

“ಅಪ್ಪ ಸೋತುಹೋಗ್ತಾರೆ.”

ಇವರು ಎದ್ದು ಹೋಗಿ ಮಿಷನ್ ತುಳಿಯತೊಡಗಿದರು. ಸೂಜಿಯಲ್ಲಿ ದಾರವಿರಲಿಲ್ಲ.

ಸೆಪ್ಟೆಂಬರ್ 19

ಪೆನ್ಸಿಲ್ ಕೊಟ್ಟರೆ ವಾಂತಿ ಮಾಡುತ್ತಾಳೆ. ಟೀಚರ್ ಹೇಳಿದ ಡಾಕ್ಟರ್ ಹತ್ತಿರ ಮೂವರೂ ಹೋಗಿದ್ದೆವು.

“ಅಕ್ಷರ ಕೂಡಿಸಿ ಓದೋದ್ರಲ್ಲಿನ ಈ ತೊಡಕು ಮನೆತನದಲ್ಲಿ ಬರಬಹುದು. ಯಾರ ತಪ್ಪೂ ಅಲ್ಲ,” ಎಂದರು ಆಕೆ. “ಬೇರೆ ಥರ ಪಾಠ ಬೇಕಾಗುತ್ತೆ. ಆದರೆ ಮನೇಲಿ ಪುಸ್ತಕ ಹಿಡ್ಕೊಂಡು ಯಾರಾದ್ರೂ ಜೊತೆಗೆ ಕೂತು ನಗಿಸಿದ್ರೆ, ಈ ಮಕ್ಕಳು ಪುಸ್ತಕದ ಹತ್ರ ಬರ್ತಾರೆ. ಕಥೆ ಇದ್ದ ಹಾಗೇ ಓದಬೇಕು ಅಂತೇನಿಲ್ಲ.”

ಇವರು ತಲೆ ತಗ್ಗಿಸಿ ಬೆರಳಿನ ಸೂಜಿಗಾಯ ನೋಡಿಕೊಳ್ಳುತ್ತಿದ್ದರು.

ಡಾಕ್ಟರ್ ಪುಟ್ಟಿಯ ಕಡೆ ಬಗ್ಗಿದರು. “ಮನೇಲಿ ನಿಂಗೆ ಯಾರು ಓದಿ ಹೇಳ್ತಾರಮ್ಮ?”

“ಯಾರೂ ಇಲ್ಲ. ಅಮ್ಮ ತಿದ್ದುತ್ತಾಳೆ.”

ಆಕೆ ಅದನ್ನು ಬರೆದುಕೊಂಡರು. ಇವಳಪ್ಪ ಓದುತ್ತಿದ್ದರು, ನಾನೇ ನಿಲ್ಲಿಸಿದೆ ಎಂದು ಹೇಳಲು ಬಾಯಿ ತೆರೆದೆ. ಇವರು ತಲೆಯೆತ್ತಿ ನನ್ನನ್ನೇ ನೋಡಿದರು. ಆಗ ನಾನು ಹೇಳಿಯೇಬಿಟ್ಟೆ; ಮನೆಗೆ ಬಂದು ಬೀರುವಿನ ಮೇಲಿನ ಕಥೆ ಪುಸ್ತಕಗಳನ್ನು ಇಳಿಸಿ ಇವರ ಕೈಗಿಟ್ಟೆ.