ತಾಯಿ, ಮಗು ಇಬ್ಬರೂ ಕ್ಷೇಮ

ಮನೆ, ಅಡುಗೆಕೋಣೆಯ ಮೇಜು
ಮಂಗಳವಾರ, ಹನ್ನೊಂದನೆಯ ತಾರೀಖು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಕೂಸೇ,

ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಹೊಸ ಮಾತ್ರೆ ಶುರುವಾದಾಗಿನಿಂದ ಬಾಯಿ ಒಣಗುತ್ತದೆ, ಕೈ ಸಣ್ಣಗೆ ನಡುಗುತ್ತದೆ ಎಂದು ವಾರ್ಡಿನ ನರ್ಸ್ ಹೇಳಿದಳು. ಕೆಲವು ದಿನ ಹಾಗಿದ್ದು ಆಮೇಲೆ ಹತೋಟಿಗೆ ಬರುತ್ತದಂತೆ. ಹಾಲು ಕಟ್ಟಿಕೊಂಡು ಎದೆ ನೋಯುತ್ತಿದ್ದರೆ ನಾಚಿಕೊಂಡು ಸುಮ್ಮನಿರಬೇಡ, ಅವಳಿಗೆ ಹೇಳು. ಅಲ್ಲಿ ಫೋನು ಕೊಡುವುದಿಲ್ಲವಾದ್ದರಿಂದ ಈ ಕಾಗದ. ನಾಲ್ಕು ವರ್ಷ ಒಂದೇ ಅಡುಗೆಕೋಣೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡಿದ ಅತ್ತೆ ಸೊಸೆ ಹೀಗೆ ಕಾಗದ ಬರೆದುಕೊಳ್ಳುವ ದಿನ ಬರುತ್ತದೆ ಎಂದು ಯಾರು ಅಂದುಕೊಂಡಿದ್ದರು. ಉತ್ತರ ಬರೆಯಬೇಕೆಂದೇನಿಲ್ಲ. ಓದಲು ಮನಸ್ಸಾಗದಿದ್ದರೆ ಮಡಿಚಿ ದಿಂಬಿನ ಕೆಳಗಿಡು. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲೇ ನನಗೂ ಅಂಟಿಕೊಂಡಿದೆ.

ಮಗು ಚೆನ್ನಾಗಿದ್ದಾಳೆ. ಇದನ್ನೇ ಮೊದಲು ಬರೆಯಲು ಹೊರಟು ಕೈ ತಡೆದೆ. ಹೆರಿಗೆಯಾದಾಗಿನಿಂದ ಬಂದವರೆಲ್ಲ ನಿನ್ನನ್ನು ದಾಟಿಕೊಂಡು ಹೋಗಿ ತೊಟ್ಟಿಲಿಗೆ ಬಗ್ಗುತ್ತಿದ್ದರು, ಅವರಲ್ಲಿ ಮೊದಲನೆಯವಳು ನಾನೇ. ನಿನ್ನೆ ತೂಗಿದಾಗ ನಾಲ್ಕು ಕಿಲೋ ಏಳುನೂರು ಇದ್ದಳು. ಬಾಟಲಿ ಹಾಲು ಒಗ್ಗಿದೆ. ಯಾರು ಎತ್ತಿಕೊಂಡರೂ ಹುಬ್ಬು ಗಂಟಿಕ್ಕಿಕೊಂಡು, ಲೈಸೆನ್ಸ್ ತೋರಿಸಿ ಅನ್ನುವ ಹಾಗೆ ನೋಡುತ್ತಾಳೆ. ಕೆಳಗಿನ ಮನೆಯ ಟೈಲರಮ್ಮ ಅವಳಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದಾಳೆ. ನಿನ್ನ ಕನ್ನಡಕದ ಅಂಗಡಿಯ ಯಜಮಾನರು ಬಂದಿದ್ದರು. ನೀನು ಲೆನ್ಸ್ ಉಜ್ಜುವ ಮೇಜಿಗೆ ಬೇರೆ ಯಾರನ್ನೂ ಕೂರಿಸಿಲ್ಲವಂತೆ, ಎಷ್ಟು ತಿಂಗಳಾದರೂ ಕಾಯುತ್ತೇನೆ ಅಂದರು. ನಿನ್ನ ಗಂಡ ಕೆಲಸಕ್ಕೆ ಹೋಗುತ್ತಿದ್ದಾನೆ. ಊರಿನವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಬಂದು ನಮ್ಮ ಮೂರು ಮಹಡಿಯ ಮೆಟ್ಟಿಲು ಹತ್ತುವಾಗ ಮೊದಲೆಲ್ಲ ಗೊಣಗುತ್ತಿದ್ದ, ಈಗ ಅದೂ ಇಲ್ಲ. ನಿಂತುಕೊಂಡೇ ಎರಡು ತುತ್ತು ತಿಂದು ತೊಟ್ಟಿಲ ಪಕ್ಕ ಕೂರುತ್ತಾನೆ. ಮಗುವನ್ನು ಮುಟ್ಟುವುದಿಲ್ಲ. ಅವನು ಹೆದರಿ ಹೋಗಿದ್ದಾನೆ ಕಣೇ.

ಆ ದಿನದ ವಿಷಯ ಬರೆಯದೆ ಈ ಕಾಗದಕ್ಕೆ ಅರ್ಥವಿಲ್ಲ. ಮಗುವಿಗೆ ಐವತ್ತೆರಡನೆಯ ದಿನ. ನಾನು ಪಿಂಚಣಿ ಆಫೀಸಿನ ಕ್ಯೂನಲ್ಲಿ ನಿಂತು ನಿಂತು ಸಾಕಾಗಿ ಮನೆಗೆ ಬಂದರೆ, ಟೈಲರಮ್ಮ ಮಗುವನ್ನು ಭುಜಕ್ಕೆ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. "ಐದು ನಿಮಿಷ ನೋಡ್ಕೊಳ್ಳಿ ಅಂತ ಕೊಟ್ಟು ಹೋದ್ಲು. ಎರಡು ಗಂಟೆ ಆಯ್ತು," ಅಂದಳು. ಪಕ್ಕದಲ್ಲಿ ಒಂದು ಚೀಲವಿತ್ತು. ನಿನ್ನ ಗಂಡ ಕೆಲಸ ಬಿಟ್ಟು ಓಡಿಬಂದ. ಸಂಜೆ ಪೊಲೀಸರು ಬಸ್ ನಿಲ್ದಾಣದ ಕೊನೆಯ ಬೆಂಚಿನಲ್ಲಿ ನೀನು ಸಿಕ್ಕಿದೆ ಎಂದು ಫೋನು ಮಾಡಿದರು. ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ, ಯಾವ ಬಸ್ಸಿಗೆ ಕಾಯುತ್ತಿದ್ದೀಯ ಎಂದು ಕೇಳಿದರೆ ಗೊತ್ತಿಲ್ಲ ಅಂದೆಯಂತೆ. ಅಲ್ಲಿಂದ ನೇರವಾಗಿ ಈ ಮಾನಸಿಕ ಆಸ್ಪತ್ರೆಗೆ ಸೇರಿಸಿದೆವು. ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಬಂದದ್ದು ಸಿಟ್ಟು. ಹಸುಗೂಸನ್ನು ಬಿಟ್ಟು ಹೋಗಲು ಇವಳಿಗೆ ಹೇಗೆ ಮನಸ್ಸು ಬಂತು ಎಂದು ಅಂದುಕೊಂಡೆ. ಟೈಲರಮ್ಮನ ಎದುರಿಗೆ ಹಾಗೆಯೇ ಬಾಯಿಬಿಟ್ಟು ಅಂದೂ ಬಿಟ್ಟೆ.

ಆದರೆ ನೀನು ನನಗೆ ಹೇಳಿದ್ದೆ. ಒಂದಲ್ಲ, ಎರಡು ಸಲ. ಮೂರನೆಯ ವಾರದಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತು, "ಅತ್ತೆ, ಇವಳು ನನ್ನ ಮಗು ಅಂತ ಅನ್ನಿಸ್ತಾನೇ ಇಲ್ಲ," ಅಂದೆ. ನಿದ್ದೆ ಸಾಲದು, ಹೋಗಿ ಮಲಗು, ನಾನು ಇಂಥವರನ್ನು ಸಾವಿರ ಜನ ನೋಡಿದ್ದೇನೆ ಎಂದು ನಿನ್ನ ಬಾಯಿ ಮುಚ್ಚಿಸಿದೆ. ಆಮೇಲೆ ಒಂದು ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ನೀನು ಹೋಗಲಿಲ್ಲ. ಮಗುವನ್ನು ಎತ್ತಿಕೊಂಡು ಅಲ್ಲಿ ನಿಲ್ಲಲು ಭಯವಾಗುತ್ತದೆ, ಏನೇನೋ ಕೆಟ್ಟ ಯೋಚನೆ ಬರುತ್ತದೆ ಅಂದೆ. ಹಾಗಾದರೆ ಮಗುವನ್ನು ಒಳಗೆ ಮಲಗಿಸಿ ಹೋಗು ಎಂದೆ. ಎಂಥ ಬುದ್ಧಿವಂತ ಉತ್ತರ ನೋಡು. ನನ್ನ ಕಣ್ಣಿಗೆ ಹೊಲಿಗೆ ಕಂಡಿತು, ಜ್ವರ ಕಂಡಿತು, ಹಾಲು ಸಾಕೋ ಸಾಲದೋ ಕಂಡಿತು. ನಿನ್ನ ಮುಖ ಕಾಣಲಿಲ್ಲ.

ಇನ್ನೊಂದು ವಿಷಯವನ್ನು ನಿನ್ನ ಡಾಕ್ಟರಮ್ಮನನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಹದಿನೆಂಟು ವರ್ಷದ ಹಿಂದೆ ನಮ್ಮ ವಾರ್ಡಿನ ಆರನೆಯ ಹಾಸಿಗೆಯಲ್ಲಿ ಬೇಕರಿ ಕೆಲಸದವನ ಹೆಂಡತಿ ಒಬ್ಬಳಿದ್ದಳು. ಸದಾ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಮಗುವನ್ನು ಕೈಗೆ ಕೊಟ್ಟರೆ ಹಾಲೂಡಿಸಿ, ತೆಗೆದುಕೊಳ್ಳಿ ಎಂದು ವಾಪಸು ಚಾಚುತ್ತಿದ್ದಳು. ಮನೆಗೆ ಕಳಿಸುವ ದಿನ ನನ್ನ ಕೈ ಹಿಡಿದುಕೊಂಡು, "ಸಿಸ್ಟರ್, ಇನ್ನೆರಡು ದಿನ ಇಲ್ಲೇ ಇರ್ತೀನಿ," ಅಂದಳು. ಹಾಸಿಗೆ ಸಾಲದೆ ಇಬ್ಬರು ನೆಲದ ಮೇಲಿದ್ದರು. ಹೊಲಿಗೆ ಒಣಗಿತ್ತು, ಜ್ವರವಿರಲಿಲ್ಲ. ತಾಯಿ, ಮಗು ಇಬ್ಬರೂ ಕ್ಷೇಮ ಎಂದು ಬರೆದು ಕಳಿಸಿದೆ. ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಗಂಡ ಒಬ್ಬನೇ ಬಂದ. ತಾಯಿ ಎಲ್ಲಿ ಎಂದೆ. "ಹೋಗಿಬಿಟ್ಲು ಸಿಸ್ಟರ್," ಅಂದ. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದವಳಿಗೆ ಅವನ ಮುಖ ನೋಡಿ, ಅವಳು ಬದುಕಿಲ್ಲವೆಂದು ಅರ್ಥವಾಯಿತು. ಮಗುವಿನ ತೊಡೆಗೆ ಸೂಜಿ ಹಾಕಿ, ಕಾರ್ಡಿನಲ್ಲಿ ತಾರೀಖು ಬರೆದು, ಮುಂದಿನವರನ್ನು ಕರೆದೆ. ನಿನ್ನ ಮಾವ ಬದುಕಿದ್ದಾಗ ಅವರಿಗೂ ಇದನ್ನು ಹೇಳಿರಲಿಲ್ಲ. ಆಮೇಲೂ ಎಷ್ಟೋ ವರ್ಷ ಅದೇ ಸಾಲನ್ನೇ ಬರೆಯುತ್ತಾ ಹೋದೆ. ನಿನ್ನ ವಿಷಯದಲ್ಲಿ, ನನ್ನ ಮನೆಯೊಳಗೇ, ಇನ್ನೊಂದು ಸಲ ಹಾಗೇ ಮಾಡಿದೆ. ಕ್ಷಮಿಸು ಎಂದರೆ ಆ ಭಾರವನ್ನೂ ನಿನ್ನ ತಲೆಗೇ ಕಟ್ಟಿದಂತಾಗುತ್ತದೆ. ಕೇಳುವುದಿಲ್ಲ.

ಶುಕ್ರವಾರ ಡಾಕ್ಟರಮ್ಮ ನನ್ನನ್ನು ಕರೆಸಿ ಕೂರಿಸಿಕೊಂಡು, ಆ ಚೀಲದಲ್ಲಿ ಏನೇನಿತ್ತು ಹೇಳಿ ಎಂದರು. ಒಗೆದು ಮಡಿಚಿದ ಎಂಟು ಬಟ್ಟೆ, ಕುದಿಸಿ ಒಣಗಿಸಿದ ಎರಡು ಬಾಟಲಿ, ಹೊಸ ಹಾಲಿನ ಪುಡಿ ಡಬ್ಬಿ, ಲಸಿಕೆ ಕಾರ್ಡು, ಅದರ ಹಿಂದೆ ನನ್ನ ಫೋನ್ ನಂಬರ್. ಅವರು, "ತನ್ನ ಕೈ ಮೇಲೆ ತನಗೇ ನಂಬಿಕೆ ಹೋದಾಗ, ತಾನು ನಂಬಿದೋರ ಕೈಗೆ ಕೊಟ್ಟು ಹೋಗಿದ್ದಾಳೆ. ಅಷ್ಟು ಕಾಯಿಲೆಯಲ್ಲೂ ಮಗು ಜೋಪಾನ ಮಾಡಿದ್ದಾಳೆ," ಅಂದರು. ಇದು ಕಾಯಿಲೆ, ವಾಸಿಯಾಗುತ್ತದೆ, ಆದರೆ ಆತುರ ಮಾಡಬಾರದು ಎಂದೂ ಹೇಳಿದರು. ನಾನು ಬಸ್ಸಿನಲ್ಲಿ ಕೂತು, ಎರಡು ನಿಲ್ದಾಣ ಹಿಂದೆಯೇ ಇಳಿದು, ಮನೆತನಕ ನಡೆದುಕೊಂಡು ಬಂದೆ. ಅಳುವುದನ್ನು ಮನೆಯ ಹೊರಗೇ ಮುಗಿಸಿಕೊಳ್ಳಬೇಕಿತ್ತು.

ಭಾನುವಾರ ನಿನ್ನ ನಾದಿನಿ ಬಂದಿದ್ದಳು. ನನ್ನ ಮಗಳೆಂದು ವಹಿಸಿಕೊಂಡು ಹೇಳುತ್ತಿಲ್ಲ, ಅವಳು ಕೆಟ್ಟವಳಲ್ಲ. ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಸಂಭಾಳಿಸುವವಳಿಗೆ ಎಲ್ಲವೂ ಸಾಲಾಗಿ ನಿಲ್ಲಬೇಕು. ಮಗುವನ್ನು ತನ್ನ ಮನೆಗೆ ಕಳಿಸಿ, ದೊಡ್ಡವಳಾಗುವವರೆಗೆ ತಾನೇ ಸಾಕುತ್ತೇನೆ ಎಂದು ತಮ್ಮನಿಗೆ ಹೇಳಿದಳು. ನೀನು ಮತ್ತೆ ಹೀಗೆ ಮಾಡುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ ಎಂದಳು. ಅವನು ತಲೆ ತಗ್ಗಿಸಿ ಕೂತಿದ್ದ. ನಾನು ಇಲ್ಲೇ ನಿಂತು, ಆಗಲೇ ತೊಳೆದಿದ್ದ ಬಾಟಲಿಗಳನ್ನು ಮತ್ತೆ ತೊಳೆಯುತ್ತಿದ್ದೆ. ಒಂದು ಗಳಿಗೆ, ಅರವತ್ತಾರು ವರ್ಷದ ನನ್ನ ಸೊಂಟ ನೆನೆದು, ಹಾಗೇ ಆಗಲಿ ಎಂದು ನನಗೂ ಅನ್ನಿಸಿತು. ಅದನ್ನೂ ನಿನಗೆ ಹೇಳಿಬಿಡುವುದು ಒಳ್ಳೆಯದು.

ಮಗು ಏಳುವ ಹೊತ್ತಾಯಿತು, ಕಾಲು ಒದೆಯುತ್ತಿದ್ದಾಳೆ. ಅವಳ ಮೇಲೆ ಪ್ರೀತಿ ಇನ್ನೂ ಹುಟ್ಟಿಲ್ಲವೆಂದು ನಿನ್ನನ್ನು ನೀನು ಹಿಂಸೆ ಮಾಡಿಕೊಳ್ಳಬೇಡ. ಸದ್ಯಕ್ಕೆ ಅವಳ ಪಾಲಿನ ಪ್ರೀತಿ ನನ್ನ ಹತ್ತಿರ ಬೇಕಾದಷ್ಟಿದೆ. ನೀನು ಊಟ ಮಾಡು, ಮಾತ್ರೆ ತಪ್ಪಿಸಬೇಡ, ಕೆಟ್ಟ ಯೋಚನೆ ಬಂದರೆ ಬಂದ ಕೂಡಲೇ ಯಾರನ್ನಾದರೂ ಕರೆದು ಹೇಳು. ಟೈಲರಮ್ಮ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಅವಳ ಹತ್ತಿರ ಆಡಿದ ಮಾತನ್ನು ಹೋಗಿ ವಾಪಸು ತೆಗೆದುಕೊಂಡು ಬಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದೇನೆ ಎಂದುಕೋ.

ನಿನ್ನ
ಅತ್ತೆ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ನಿನ್ನ ಗಂಡ ಊಟಕ್ಕೆಂದು ಬಂದ. ಶರ್ಟಿನ ಜೇಬಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಇತ್ತು. ಮಗುವನ್ನು ಸಾಕುವ ಹಕ್ಕನ್ನು ನಿನ್ನ ನಾದಿನಿಗೆ ಬಿಟ್ಟುಕೊಡುವ ಒಪ್ಪಿಗೆಪತ್ರ. ಭಾವನ ಪರಿಚಯದ ವಕೀಲರು ಮಾಡಿಕೊಟ್ಟಿದ್ದಂತೆ. ಅಕ್ಕ ತಮ್ಮ ಇಬ್ಬರೂ ಗುರುವಾರ ಹತ್ತು ಗಂಟೆಗೆ ಅದನ್ನು ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಈ ಸಲ ನಾನು ಸುಮ್ಮನಿರಲಿಲ್ಲ, ಜಗಳವಾಯಿತು, ಅವನು ಉಣ್ಣದೆ ಹೋದ. ಡಾಕ್ಟರಮ್ಮನಿಗೆ ಈಗಲೇ ಫೋನು ಮಾಡಿದ್ದೇನೆ, ಕಾಗದವನ್ನೂ ಇವತ್ತೇ ವಾರ್ಡಿಗೆ ತಲುಪಿಸುತ್ತೇನೆ. ನೀನು ಬೇರೇನೂ ಓದದಿದ್ದರೂ ಈ ನಾಲ್ಕು ಸಾಲು ಓದಿ ಹೇಳು ಎಂದು ನರ್ಸಿಗೂ ಹೇಳಿದ್ದೇನೆ. ನಾನು ಒಂಬತ್ತಕ್ಕೇ ಮಗುವಿನ ಜೊತೆ ಬಂದು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನೋಡಬೇಕು ಅನ್ನಿಸಿದರೆ ಕರೆಸು, ಇಲ್ಲದಿದ್ದರೆ ಇಲ್ಲ. ಹಾಳೆಯಲ್ಲಿ ಅವನ ಸಹಿ ಆಗಲೇ ಬಿದ್ದಿದೆ. ಅದರ ಪಕ್ಕದಲ್ಲಿ ನಿನಗೆ ಜಾಗ ಬಿಟ್ಟಿದ್ದಾರೆ. ಅದು ಖಾಲಿಯೇ ಇರಲಿ.